ಜಿನ್ ಯಾವುದು, ಟಾನಿಕ್ ಯಾವುದು? ಬಾರ್‌ಟೆಂಡರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಮೈಸೂರಿನ ಸದಸ್ಯರು): ನಮಸ್ಕಾರ ಸರ್. ನಾನು ಇಲ್ಲೀತನಕ ವಿಸ್ಕಿ, ಬಿಯರ್ ಬಿಟ್ಟು ಬೇರೆ ಮುಟ್ಟಿದವನಲ್ಲ. ಮುಂದಿನ ತಿಂಗಳು ಭಾವ ಲಂಡನ್‌ನಿಂದ ಬರ್ತಿದ್ದಾರೆ, ಅವರಿಗೆ ಜಿನ್ ಅಂಡ್ ಟಾನಿಕ್ ಅಂದರೆ ಇಷ್ಟ. ಅಂಗಡೀಲಿ ನೋಡಿದರೆ ಏಳೆಂಟು ಬಗೆ ಜಿನ್, ಒಂದಕ್ಕಿಂತ ಒಂದು ಚೆಂದದ ಬಾಟ್ಲಿ. 'ಬೆಲೆ ಜಾಸ್ತಿ ಇರೋದು ತಗೊಳ್ಳಿ' ಅಂದರು. ತಂದು ಒಮ್ಮೆ ಮಾಡಿ ನೋಡಿದೆ. ಕಹಿ ಔಷಧಿಗೆ ಸಕ್ಕರೆ ಕಲಸಿದ ಹಾಗಿತ್ತು. ತಪ್ಪು ಜಿನ್ನಿನದೋ ಟಾನಿಕ್ಕಿನದೋ?

ಉತ್ತರ: ನಮಸ್ಕಾರ. ಬೆಂಗಳೂರಿನ ಬಾರ್‌ಗಳಲ್ಲಿ ಹನ್ನೆರಡು ವರ್ಷದಿಂದ ಕೌಂಟರ್ ಹಿಂದೆ ನಿಂತಿದ್ದೇನೆ. ಎಲ್ಲರೂ ಜಿನ್ ಯಾವುದು ಅಂತಲೇ ಕೇಳ್ತಾರೆ. ನೀವು ಟಾನಿಕ್ ಮೇಲೂ ಅನುಮಾನ ಪಟ್ಟಿದ್ದು ಒಳ್ಳೆಯದಾಯಿತು. ಇಲ್ಲಿ ಟಾನಿಕ್ ಅಂದರೆ ಔಷಧಿಯಲ್ಲ, ಸಕ್ಕರೆ ಮತ್ತು ಕ್ವಿನೈನ್ ಅನ್ನುವ ಕಹಿ ಸೇರಿಸಿದ ಸೋಡಾ. ಲೋಟದ ಲೆಕ್ಕ ನೋಡಿ: 60 ಎಂಎಲ್ ಜಿನ್‌ಗೆ 180 ಎಂಎಲ್ ಟಾನಿಕ್. ನೀವು ಕುಡಿಯೋದರಲ್ಲಿ ಮುಕ್ಕಾಲು ಪಾಲು ಟಾನಿಕ್ಕೇ. ಮೂರು ಸಾವಿರದ ಜಿನ್ ತಂದು ಸಿಕ್ಕಿದ ಟಾನಿಕ್ ಸುರಿದರೆ ಜಿನ್ನಿನ ದುಡ್ಡು ನೀರಿಗೆ ಹಾಕಿದಂತೆ.

ಒಂದು ಹೇಳಿ: ಟಾನಿಕ್ ಫ್ರಿಜ್‌ನಿಂದ ತೆಗೆದದ್ದಾ? ಆಗಷ್ಟೇ ತೆರೆದದ್ದಾ?

ಪ್ರಶ್ನೆ ಕೇಳಿದವರು: ಇಲ್ಲ ಸರ್. ದೊಡ್ಡ ಬಾಟ್ಲಿ, ಹಿಂದಿನ ದಿನ ತೆರೆದದ್ದು. ಹೊರಗೇ ಇತ್ತು. ಐಸ್ ಎರಡು ತುಂಡು ಹಾಕಿದ್ದೆ.

ಉತ್ತರ: ಹಾಗಾದರೆ ಜಿನ್ನಿನ ತಪ್ಪಿಲ್ಲ. ಬೆಚ್ಚಗಿನ ದ್ರವದಲ್ಲಿ ಗ್ಯಾಸ್ ನಿಲ್ಲುವುದಿಲ್ಲ, ತಣ್ಣಗಿದ್ದಷ್ಟೂ ಹಿಡಿದುಕೊಂಡಿರುತ್ತದೆ. ಗ್ಯಾಸ್ ಹೋದ ಟಾನಿಕ್ಕಿನಲ್ಲಿ ಉಳಿಯುವುದು ಸಕ್ಕರೆ ಮತ್ತು ಕ್ವಿನೈನ್ ಕಹಿ, ನೀವು ಹೇಳಿದ ರುಚಿ ಅದೇ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಇದೇ ತಪ್ಪು ಮಾಡಿದ್ದೆ. ಒಬ್ಬರು ಹಿರಿಯರು ಒಂದು ಗುಟುಕು ಕುಡಿದು ಲೋಟ ವಾಪಸ್ ಕೊಟ್ಟು, 'ಮರಿ, ಸೋಡಾ ಸತ್ತಿದೆ' ಅಂದರು. ಅವತ್ತಿನಿಂದ 200 ಎಂಎಲ್‌ನ ಚಿಕ್ಕ ಬಾಟ್ಲಿ ಬಿಟ್ಟು ಬೇರೆಯದರಲ್ಲಿ ಕೊಟ್ಟಿಲ್ಲ. ಒಂದು ಲೋಟಕ್ಕೆ ಒಂದು ಬಾಟ್ಲಿ, ಎದುರಿಗೇ ಮುಚ್ಚಳ ತೆಗೆಯುವುದು.

ಎರಡು ತುಂಡು ಐಸ್ ಕೂಡ ಸಾಲದು. ಐಸ್ ಕಡಿಮೆ ಹಾಕಿದರೆ ನೀರಾಗೋದು ಕಡಿಮೆ ಅಂತ ಜನ ಅಂದುಕೊಳ್ತಾರೆ, ಆಗುವುದು ಉಲ್ಟಾ. ಲೋಟದ ತುಂಬಾ ದೊಡ್ಡ ತುಂಡುಗಳಿದ್ದರೆ ಎಲ್ಲ ತಣ್ಣಗೆ ಕೂತು ನಿಧಾನ ಕರಗುತ್ತವೆ. ಜಿನ್ ಮೊದಲು, ಆಮೇಲೆ ಟಾನಿಕ್, ಲೋಟದ ಒಳಬದಿಗುಂಟ ಮೆಲ್ಲಗೆ ಸುರಿಯಿರಿ. ಉದ್ದ ಚಮಚದಿಂದ ಕೆಳಗಿನಿಂದ ಒಂದೇ ಸಲ ಮೇಲೆತ್ತಿ, ಸಾಕು. ಕಾಫಿ ಹಾಗೆ ಕದಡಬೇಡಿ.

ಈಗ ಜಿನ್ನಿಗೆ ಬರೋಣ. ವಾಸನೆಯಿಲ್ಲದ ಸ್ಪಿರಿಟ್‌ಗೆ ಜುನಿಪರ್ ಕಾಯಿಯ ಘಮ ಹತ್ತಿಸಿದರೆ ಜಿನ್. ಜುನಿಪರ್ ಪೈನ್ ಮರದ ದೂರದ ನೆಂಟ, ಆ ಕಾಯಿ ಹಿಚುಕಿ ಮೂಸಿದರೆ ಪೈನ್ ಕಾಡಿನ ವಾಸನೆ. ಅದರ ನಂತರದ ಜಾಗ ನಮ್ಮ ಸಾರಿನಪುಡಿಯ ಧನಿಯಾದ್ದು. ಆಮೇಲೆ ನಿಂಬೆ ಅಥವಾ ಕಿತ್ತಳೆ ಸಿಪ್ಪೆ, ಏಂಜೆಲಿಕಾ ಬೇರು, ಏಲಕ್ಕಿ, ಮೆಣಸು, ಹೀಗೆ ಒಬ್ಬೊಬ್ಬರದು ಒಂದೊಂದು ಪಾಕ.

ಮೊದಲ ಬಾಟ್ಲಿಗೆ ಲೇಬಲ್ ಮೇಲೆ 'ಲಂಡನ್ ಡ್ರೈ' ಅಂತ ಇರುವುದನ್ನು ಹುಡುಕಿ. ಲಂಡನ್‌ನಲ್ಲೇ ಮಾಡಿರಬೇಕು ಅಂತೇನಿಲ್ಲ, ಅದು ವಿಧಾನದ ಹೆಸರು. ಯುರೋಪಿನ ನಿಯಮದಂತೆ ಘಮವೆಲ್ಲ ಬಟ್ಟಿ ಇಳಿಸುವಾಗಲೇ ಸೇರಬೇಕು, ಆಮೇಲೆ ಎಸೆನ್ಸ್ ಹಾಕುವಂತಿಲ್ಲ, ಸಕ್ಕರೆ ಲೀಟರಿಗೆ 0.1 ಗ್ರಾಂ ಮೀರುವಂತಿಲ್ಲ. ಅಲ್ಲಿ ಕನಿಷ್ಠ ಸ್ಟ್ರಾಂಗು, ಅಂದರೆ ಆಲ್ಕೋಹಾಲ್ ಪ್ರಮಾಣ, ಶೇ 37.5. ನಮ್ಮಲ್ಲಿ ಸಿಗುವ ಬಹುಪಾಲು ಬಾಟ್ಲಿಗಳ ಮೇಲೆ ಶೇ 42.8 ಅಂತಿರುತ್ತದೆ. ಟಾನಿಕ್ ಸೇರಿದಾಗ ಜಿನ್ ಎದ್ದು ನಿಲ್ಲಬೇಕಾದರೆ ನನ್ನ ಮಟ್ಟಿಗೆ ಶೇ 40ರ ಮೇಲಿದ್ದರೆ ಒಳ್ಳೆಯದು.

ಬಾಟ್ಲಿ ಚೆಂದಕ್ಕೆ, ಬಣ್ಣಕ್ಕೆ ದುಡ್ಡು ಕೊಡಬೇಡಿ. ಗುಲಾಬಿ ಬಣ್ಣದ ಜಿನ್‌ಗಳಲ್ಲಿ ಹೆಚ್ಚಿನವು ಸಿಹಿ; ಅದಕ್ಕೆ ಸಿಹಿ ಟಾನಿಕ್ ಸೇರಿದರೆ ಎರಡನೇ ಲೋಟ ಮುಗಿಸೋಕೆ ಆಗಲ್ಲ. ಒಳ್ಳೆಯದೋ ಅಲ್ಲವೋ ನೋಡಬೇಕಾದರೆ ಒಂದು ಮುಚ್ಚಳ ಜಿನ್, ಅಷ್ಟೇ ನೀರು, ಐಸ್ ಇಲ್ಲದೆ. ಮೂಸಿ, ನಾಲಗೆ ಮೇಲೆ ಇಡಿ. ಗಂಟಲು ಸುಡುವುದೊಂದೇ ಗೊತ್ತಾದರೆ ಆ ಜಿನ್ ಬೇಡ. ಪೈನ್, ನಿಂಬೆ, ಮಸಾಲೆ ಒಂದಾದ ಮೇಲೊಂದು ಬಂದರೆ ಅದು ಲೋಟದಲ್ಲೂ ಬರುತ್ತದೆ.

ಪ್ರಶ್ನೆ (ಮಂಗಳೂರಿನ ಸದಸ್ಯರು): ನಮ್ಮ ದೇಶದ ಜಿನ್‌ಗಳು ಹೇಗೆ ಸರ್? ಭಾವನವರಿಗೆ ಫಾರಿನ್‌ದೇ ಕೊಡಬೇಕಾ?

ಉತ್ತರ: ಲಂಡನ್‌ನಿಂದ ಬರುವವರಿಗೆ ಅಲ್ಲಿಯದನ್ನೇ ಕೊಡುವುದು ಯಾಕೆ? ನಾನಾದರೆ ಗೋವಾದ್ದು ಇಡುತ್ತೇನೆ. 2017ರಲ್ಲಿ 'ನಾವ್ ಸ್ಪಿರಿಟ್ಸ್' ಕಂಪನಿಯವರು 'ಗ್ರೇಟರ್ ದ್ಯಾನ್' ತಂದರು, ಅದು ಲಂಡನ್ ಡ್ರೈ. ಮರುವರ್ಷ ಗೋವಾದಿಂದಲೇ 'ಸ್ಟ್ರೇಂಜರ್ ಅಂಡ್ ಸನ್ಸ್' ಬಂತು. ಇವೆರಡು ಬಂದ ಮೇಲೆ ನಮ್ಮ ಕೌಂಟರ್‌ಗಳ ಚಿತ್ರವೇ ಬದಲಾಯಿತು. ಮೊದಲು ಜಿನ್ ಕೇಳುವವರು ವಾರಕ್ಕೊಬ್ಬರು.

ಗ್ರೇಟರ್ ದ್ಯಾನ್‌ಗೆ, ಹಾಗೇ ಟ್ಯಾಂಕ್ವೆರೆ, ಬೀಫೀಟರ್‌ನಂಥ ಜುನಿಪರ್ ಜೋರಾಗಿರುವ ಜಿನ್‌ಗಳಿಗೆ ಸಾದಾ ಇಂಡಿಯನ್ ಟಾನಿಕ್ ಸರಿ. ಕಹಿ ಜಾಸ್ತಿ ಇದ್ದರೂ ತಡೆದುಕೊಳ್ಳುತ್ತವೆ. 'ನಾವ್' ಕಂಪನಿಯದ್ದೇ 'ಹಪೂಸಾ' ಬೇರೆ ಜಾತಿ: ಹಿಮಾಲಯದ ಜುನಿಪರ್, ಅರಿಶಿನ, ಏಲಕ್ಕಿ. ನಮ್ಮ ಆಯುರ್ವೇದದಲ್ಲಿ ಜುನಿಪರ್‌ಗೆ ಹಪುಷಾ ಅನ್ನುತ್ತಾರೆ, ಹೆಸರು ಅಲ್ಲಿಂದ. ಇದಕ್ಕೆ ಘಾಟು ಟಾನಿಕ್ ಹಾಕಿದರೆ ಆ ಮಸಾಲೆ ಮುಳುಗಿ ಹೋಗುತ್ತದೆ, ನನಗೆ ನಿಜವಾಗಿಯೂ ಹೊಟ್ಟೆ ಉರಿಯುತ್ತದೆ. ಸಿಹಿ ಕಡಿಮೆ ಇರುವ ಲೈಟ್ ಟಾನಿಕ್ ಹಾಕಿ, ಇಲ್ಲವೇ ಅರ್ಧ ಟಾನಿಕ್ ಅರ್ಧ ಸೋಡಾ. ಹೆಂಡ್ರಿಕ್ಸ್ ಸ್ಕಾಟ್ಲೆಂಡಿನದು, ಸೌತೆಕಾಯಿ ಮತ್ತು ಗುಲಾಬಿಯ ಘಮ. ಅದಕ್ಕೂ ಲೈಟ್ ಅಥವಾ ಸೌತೆಕಾಯಿ ಟಾನಿಕ್.

ಟಾನಿಕ್‌ನಲ್ಲಿ ಶ್ವೆಪ್ಸ್ ಎಲ್ಲೆಡೆ ಸಿಗುತ್ತದೆ, ಫೀವರ್ ಟ್ರೀ ದುಬಾರಿ ಆದರೆ ಕಹಿ ಹದವಾಗಿದೆ, ನಮ್ಮ ದೇಶದ ಸ್ವಾಮಿ ಟಾನಿಕ್ ಸಿಹಿ ಕಡಿಮೆ ಅನ್ನಿಸುತ್ತದೆ. ಯಾವುದೇ ಇರಲಿ, ಜಿನ್ ಸೇರಿಸುವ ಮೊದಲು ಟಾನಿಕ್ ಒಂದನ್ನೇ ಒಂದು ಗುಟುಕು ಕುಡಿದು ನೋಡಿ. ಬರೀ ಟಾನಿಕ್ ಕುಡಿಯೋಕೆ ಆಗದಿದ್ದರೆ ಜಿನ್ ಬಂದು ಅದನ್ನು ಉದ್ಧಾರ ಮಾಡುವುದಿಲ್ಲ.

ಪ್ರಶ್ನೆ (ಶಿವಮೊಗ್ಗದ ಸದಸ್ಯರು): ಟಾನಿಕ್ ಮಲೇರಿಯಾಕ್ಕೆ ಔಷಧಿ ಅಂತಾರಲ್ಲ ಸರ್? ನಮ್ಮಜ್ಜ ಮಲೆನಾಡಿನ ಚಳಿಜ್ವರಕ್ಕೆ ಕ್ವಿನೈನ್ ನುಂಗಿದ ಕಥೆ ಹೇಳ್ತಿದ್ದರು.

ಉತ್ತರ: ನಿಮ್ಮ ಅಜ್ಜ ನುಂಗಿದ್ದು ಔಷಧಿ, ನಾವು ಕುಡಿಯೋದು ಅದರ ನೆನಪು. ಕ್ವಿನೈನ್ ಸಿಂಕೋನಾ ಮರದ ತೊಗಟೆಯದು. ಮರ ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟದ್ದು. 1820ರಲ್ಲಿ ಇಬ್ಬರು ಫ್ರೆಂಚರು ತೊಗಟೆಯಿಂದ ಕ್ವಿನೈನ್ ಬೇರ್ಪಡಿಸಿದರು. 1860ರ ದಶಕದಲ್ಲಿ ಬ್ರಿಟಿಷರು ಪಕ್ಕದ ನೀಲಗಿರಿಯಲ್ಲಿ ಸಿಂಕೋನಾ ತೋಟ ಹಾಕಿದರು. ಆ ಕಹಿ ನುಂಗುವುದಕ್ಕೆ ಸಕ್ಕರೆ, ಸೋಡಾ, ನಿಂಬೆ, ಜಿನ್ ಜೊತೆಯಾದವು. ಇಂಡಿಯನ್ ಟಾನಿಕ್ ಅನ್ನುವ ಹೆಸರಿನ ಹಿಂದೆ ಇರುವುದು ಇದೇ.

ಆದರೆ ಇವತ್ತಿನ ಟಾನಿಕ್ಕಿನಲ್ಲಿ ಕ್ವಿನೈನ್ ರುಚಿಗೆ ಮಾತ್ರ. ಅಮೆರಿಕದಲ್ಲಿ ಲೀಟರಿಗೆ 83 ಮಿಲಿಗ್ರಾಂ ಮೇಲೆ ಹಾಕುವಂತಿಲ್ಲ. ಮಲೇರಿಯಾಕ್ಕೆ ವೈದ್ಯರು ಕೊಡುವ ಕ್ವಿನೈನ್ ದೊಡ್ಡವರಿಗೆ ಸುಮಾರು 600 ಮಿಲಿಗ್ರಾಂ, ದಿನಕ್ಕೆ ಮೂರು ಹೊತ್ತು. ಒಂದು ಹೊತ್ತಿಗೇ ಏಳು ಲೀಟರ್ ಟಾನಿಕ್ ಆಗುತ್ತದೆ. ಜ್ವರ ಬಂದರೆ ದಯವಿಟ್ಟು ಆಸ್ಪತ್ರೆಗೆ ಹೋಗಿ, ರಕ್ತ ಪರೀಕ್ಷೆ ಮಾಡಿಸಿ.

ಪ್ರಶ್ನೆ (ಹುಬ್ಬಳ್ಳಿಯ ಸದಸ್ಯರು): ಸರ್, ನಂಗ ಶುಗರ್ ಐತಿ. ಜಿನ್ ಹಗುರ ಅಂತಾರ, ನಡೀತದೇನು?

ಉತ್ತರ: ಲಂಡನ್ ಡ್ರೈ ಜಿನ್ನಿನಲ್ಲಿ ಸಕ್ಕರೆ ಇಲ್ಲದಷ್ಟೇ ಸರ್, ಟಾನಿಕ್ಕಿನಲ್ಲಿ ಇದೆ. ಕಹಿ ಅದನ್ನು ಮುಚ್ಚಿಡುತ್ತದೆ, ಅದಕ್ಕೇ ಜನ ಮೋಸ ಹೋಗ್ತಾರೆ. ಸಾಮಾನ್ಯ ಟಾನಿಕ್‌ನಲ್ಲಿ 100 ಎಂಎಲ್‌ಗೆ ಎಂಟು ಗ್ರಾಂ ಆಸುಪಾಸು, ಅಂದರೆ ಚಿಕ್ಕ ಬಾಟ್ಲಿಗೇ ನಾಲ್ಕು ಚಮಚ ಸಕ್ಕರೆ. ಬಾಟ್ಲಿ ಹಿಂದೆ ಬರೆದಿರುತ್ತದೆ, ಓದಿಯೇ ಕೊಳ್ಳಿ. ಸೋಡಾ, ನಿಂಬೆಯ ಸಿಪ್ಪೆ ಜೊತೆ ಕುಡಿದರೆ ಸಕ್ಕರೆಯ ಮಾತಿಲ್ಲ, ಆದರೆ ಶುಗರ್ ಮಾತ್ರೆ ತಗೊಳ್ಳುವವರಿಗೆ ಮದ್ಯದಿಂದ ಸಕ್ಕರೆ ಒಮ್ಮೆಲೇ ಇಳಿಯುವ ಅಪಾಯವೂ ಇದೆ. ಡಾಕ್ಟರನ್ನು ಕೇಳದೆ ನನ್ನ ಮಾತಿನ ಮೇಲೆ ಶುರು ಮಾಡಬೇಡಿ. ರಕ್ತ ತೆಳು ಮಾಡುವ ಮಾತ್ರೆ, ಹೃದಯದ ಬಡಿತದ ಮಾತ್ರೆ ತಗೊಳ್ಳುವವರು ಕ್ವಿನೈನ್ ಬಗ್ಗೆಯೂ ಕೇಳಬೇಕು.

ಪ್ರಶ್ನೆ (ಮೈಸೂರಿನವರೇ ಮತ್ತೆ): ಗ್ರೇಟರ್ ದ್ಯಾನ್ ತಂದೆ ಸರ್, ಚಿಕ್ಕ ಬಾಟ್ಲಿ ಟಾನಿಕ್ ಆರು ಫ್ರಿಜ್‌ನಲ್ಲಿಟ್ಟೆ. ನಿಂಬೆಹಣ್ಣು ಹಿಂಡಬೇಕಾ?

ಉತ್ತರ: ಹಿಂಡಬೇಡಿ. ನಮ್ಮ ನಾಟಿ ನಿಂಬೆ ಬಹಳ ಹುಳಿ, ಅರ್ಧ ಹೋಳು ಹಿಂಡಿದರೂ ಜಿನ್ ಹೋಗಿ ಷರಬತ್ತು ಆಗುತ್ತದೆ. ತೆಳ್ಳಗೆ ಒಂದು ಬಿಲ್ಲೆ ಸಾಕು. ಚಕ್ಕೋತ ಸಿಕ್ಕರೆ ಇನ್ನೂ ಒಳ್ಳೆಯದು. ವಿದೇಶದಲ್ಲಿ ಗ್ರೇಪ್‌ಫ್ರೂಟ್ ಹಾಕುತ್ತಾರಲ್ಲ, ಅದು ಚಕ್ಕೋತದ ವಂಶದ್ದೇ. ಹಸಿರು-ಹಳದಿ ಸಿಪ್ಪೆಯ ಒಂದು ಪಟ್ಟಿ, ಒಳಗಿನ ಬಿಳಿ ಮೆತ್ತೆ ಬರದ ಹಾಗೆ ಸುಲಿದು, ಲೋಟದ ಮೇಲೆ ಹಿಡಿದು ತಿರುಚಿ. ಸಿಪ್ಪೆಯ ಎಣ್ಣೆ ಐಸ್ ಮೇಲೆ ಸಿಡಿದು ಮೂಗಿಗೆ ಬರುತ್ತದೆ. ಆಮೇಲೆ ಅದನ್ನೇ ಲೋಟಕ್ಕೆ ಹಾಕಿ. ಭಾವ ಊಟಕ್ಕೆ ಮುಂಚೆ ಒಂದು ಲೋಟ ಕುಡಿಯಲಿ, ಕಾರು ಓಡಿಸುವವರಿಗೆ ಬರೀ ಟಾನಿಕ್, ಚಕ್ಕೋತ ಸಿಪ್ಪೆ ಹಾಕಿ ಅದೇ ಲೋಟದಲ್ಲಿ ಕೊಡಿ. ಅವರು ಏನು ಹೇಳಿದರು ಅಂತ ಇಲ್ಲೇ ಬರೆಯಿರಿ, ಕಾಯ್ತಿರ್ತೇನೆ.