ಅಪ್ಪನ ರಕ್ತದಿಂದ ನರಕೋಶ ಬೆಳೆಸುತ್ತಾರಂತೆ, ಕೊಡಬಹುದಾ?

ಪ್ರಶ್ನೆ: ಮೇಡಂ, ನಮ್ಮಪ್ಪನಿಗೆ ಎ.ಎಲ್.ಎಸ್., ಅಂದರೆ ಸ್ನಾಯುಗಳನ್ನು ಆಡಿಸುವ ನರಕೋಶಗಳು ಸಾಯುತ್ತಾ ಹೋಗುವ ಕಾಯಿಲೆ. ಸಂಶೋಧನೆಗೆ ರಕ್ತ ಕೇಳಿದ್ದಾರೆ, ಅದರಿಂದ ಸ್ಟೆಮ್ ಸೆಲ್ ಮಾಡುತ್ತಾರಂತೆ. ಅದನ್ನು ಅಪ್ಪನಿಗೇ ವಾಪಸ್ ಕೊಡುತ್ತಾರಾ?

ಉತ್ತರ: ಇಲ್ಲ. ಇದು ಚಿಕಿತ್ಸೆ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ಬದುಕಿರುವವರ ಬೆನ್ನುಹುರಿಯಿಂದ ನರಕೋಶ ತೆಗೆದು ನೋಡಲು ಆಗುವುದಿಲ್ಲ ಅಲ್ವಾ? ಅದಕ್ಕೇ ಈ ಸುತ್ತುದಾರಿ. ಜಪಾನಿನ ಶಿನ್ಯಾ ಯಮನಾಕ ತಂಡ 2006ರಲ್ಲಿ ಇಲಿಯ ಕೋಶಕ್ಕೆ, 2007ರಲ್ಲಿ ಮನುಷ್ಯರ ಚರ್ಮದ ಕೋಶಕ್ಕೆ ನಾಲ್ಕು ಜೀನ್ ಸೇರಿಸಿ, ಅದನ್ನು ಭ್ರೂಣದ ಕೋಶದ ಸ್ಥಿತಿಗೆ ತಂದಿತು. ಇದೇ ನೀವು ಕೇಳಿದ ಸ್ಟೆಮ್ ಸೆಲ್; ಅಲ್ಲಿಂದ ಬೇಕಾದ ಕೋಶ ಬೆಳೆಸಬಹುದು. ಚರ್ಮದ ಬದಲು ರಕ್ತದ ಕೋಶದಿಂದಲೂ ಹೀಗೆ ಮಾಡಬಹುದು. 2008ರಲ್ಲೇ ಅಮೆರಿಕದಲ್ಲಿ ಎ.ಎಲ್.ಎಸ್. ಇದ್ದ 82 ವರ್ಷದ ಮಹಿಳೆಯ ಚರ್ಮದಿಂದ ಮೋಟಾರ್ ನರಕೋಶ (ಸ್ನಾಯು ಆಡಿಸುವ ನರಕೋಶ) ಬೆಳೆಸಿದರು.

ಕೆಲಸ ತಿಂಗಳುಗಟ್ಟಲೆ ಹಿಡಿಯುತ್ತದೆ. ಸ್ಟೆಮ್ ಸೆಲ್‌ಗೆ ಹೆಚ್ಚುಕಡಿಮೆ ದಿನಾ ಮೀಡಿಯಾ (ಕೋಶ ಬೆಳೆಯುವ ಪೋಷಕ ದ್ರವ) ಬದಲಿಸಬೇಕು, ಹಬ್ಬಕ್ಕೂ ರಜೆ ಇಲ್ಲ! ಮೈಕ್ರೋಸ್ಕೋಪಿನಲ್ಲಿ ಮೊದಲು ಅಂಚು ಚೊಕ್ಕವಾಗಿರುವ ಚಪ್ಪಟೆ ಗುಂಪುಗಳು ಕಾಣುತ್ತವೆ. ನರಕೋಶ ಆದಮೇಲೆ ಉದ್ದುದ್ದ ಎಳೆ ಚಾಚುತ್ತವೆ. ಕಾಯಿಲೆಯವರ ಕೋಶದಲ್ಲಿ ಆ ಎಳೆಗಳು ಬೇಗ ತುಂಡಾಗುವುದುಂಟು.

ಇನ್ನೊಬ್ಬರು: ಸಾಮಾನ್ಯವಾಗಿ ನಡುವಯಸ್ಸು ದಾಟಿದ ಮೇಲೆ ಬರುವ ಕಾಯಿಲೆ ಕೆಲವೇ ವಾರದ ಕೋಶದಲ್ಲಿ ಹೇಗೆ ಕಾಣುತ್ತದೆ?

ಉತ್ತರ: ನಮ್ಮನ್ನು ಕಾಡುವುದೂ ಅದೇ. ಕೋಶವನ್ನು ಹಿಂದಕ್ಕೆ ಒಯ್ದಾಗ ವಯಸ್ಸಿನ ಗುರುತುಗಳು ಬಹಳಷ್ಟು ಅಳಿಸಿಹೋಗುತ್ತವೆ. ಲ್ಯಾಬಿನ ತಟ್ಟೆಯಲ್ಲಿರುವುದು ಒಂಥರಾ ಹುಟ್ಟುವ ಮೊದಲಿನ ನರಕೋಶ. ಹಾಗಾಗಿ ಕೆಲವರು ಸ್ಟೆಮ್ ಸೆಲ್ ಹಂತವನ್ನೇ ಬಿಟ್ಟು, ಚರ್ಮದ ಕೋಶವನ್ನು ನೇರವಾಗಿ ನರಕೋಶ ಮಾಡುತ್ತಾರೆ. ಆಗ ವಯಸ್ಸು ಸ್ವಲ್ಪ ಉಳಿಯುತ್ತದೆ. ಇನ್ನೊಂದು ತೊಡಕು, ರೋಗಿಯ ಕೋಶವನ್ನು ಯಾವುದರ ಜೊತೆ ಹೋಲಿಸುವುದು ಅನ್ನುವುದು. ದೋಷವಿರುವ ಜೀನ್ ಗೊತ್ತಿದ್ದರೆ ಕ್ರಿಸ್ಪರ್ ಎಂಬ ಜೀನ್ ತಿದ್ದುವ ವಿಧಾನದಿಂದ ಸರಿಪಡಿಸಿ ಪಕ್ಕದಲ್ಲಿಟ್ಟು ನೋಡಬಹುದು. ಆದರೆ ಸುಮಾರು 90% ಎ.ಎಲ್.ಎಸ್. ರೋಗಿಗಳ ಮನೆತನದಲ್ಲಿ ಬೇರೆ ಯಾರಿಗೂ ಆ ಕಾಯಿಲೆ ಇರುವುದಿಲ್ಲ, ಅಂಥವರಲ್ಲಿ ಯಾವ ಜೀನ್ ಸರಿಪಡಿಸಬೇಕು ಅನ್ನುವುದೇ ಹೆಚ್ಚಾಗಿ ಗೊತ್ತಿರುವುದಿಲ್ಲ. ಅದಕ್ಕೇ ಜಾಸ್ತಿ ಜನರ ಕೋಶ ಬೇಕು.

ಮತ್ತೆ ಮೊದಲಿನವರು: ಇದರಿಂದ ಔಷಧಿ ಏನಾದರೂ ಸಿಕ್ಕಿದೆಯಾ ಮೇಡಂ?

ಉತ್ತರ: ದಾರಿ ಕಂಡಿದೆ, ಅಷ್ಟೇ. ಜಪಾನಿನ ಕೇಯೋ ವಿಶ್ವವಿದ್ಯಾಲಯದವರು ರೋಗಿಗಳ ಇಂಥ ನರಕೋಶದ ಮೇಲೆ ಸಾವಿರಕ್ಕೂ ಹೆಚ್ಚು ಔಷಧಿ ಹಾಕಿ ನೋಡಿ, ಪಾರ್ಕಿನ್ಸನ್ಸ್‌ಗೆ ಕೊಡುವ ರೋಪಿನಿರೋಲ್ ಆರಿಸಿದರು. 20 ರೋಗಿಗಳ ಮೇಲೆ ಪರೀಕ್ಷೆಯಾಗಿ 2023ರಲ್ಲಿ ಫಲಿತಾಂಶ ಬಂತು. ಭರವಸೆ ಇದೆ, ಆದರೆ 20 ಜನ ತೀರಾ ಕಮ್ಮಿ. ದಯವಿಟ್ಟು ನೀವೇ ಆ ಮಾತ್ರೆ ಶುರು ಮಾಡಬೇಡಿ.

ರಕ್ತ ಕೊಡಬಹುದು. ಸಹಿ ಹಾಕುವ ಮುಂಚೆ ಒಪ್ಪಿಗೆ ಪತ್ರ ಪೂರ್ತಿ ಓದಿ: ಕೋಶ ಎಷ್ಟು ವರ್ಷ ಇಡುತ್ತಾರೆ, ಯಾರಿಗೆ ಕೊಡುತ್ತಾರೆ, ಬೇಡವೆಂದರೆ ಹಿಂದೆ ಸರಿಯಬಹುದಾ ಅಂತ ಕೇಳಿ. ಮತ್ತೆ, ‘ಸ್ಟೆಮ್ ಸೆಲ್ ಇಂಜೆಕ್ಷನ್‌ನಿಂದ ಎ.ಎಲ್.ಎಸ್. ವಾಸಿ’ ಅಂತ ಯಾರಾದರೂ ಲಕ್ಷಗಟ್ಟಲೆ ಕೇಳಿದರೆ ಒಂದು ರೂಪಾಯಿಯನ್ನೂ ಕೊಡಬೇಡಿ.