ಬ್ರೌಸರ್‌ನಲ್ಲಿ 6000 ಪೋರ್ಟ್ ತೆರೆಯುತ್ತಿಲ್ಲ, ಏನು ಮಾಡಲಿ?

ಅಮರಗೋಳ, ಹುಬ್ಬಳ್ಳಿ: ಎಪಿಎಂಸಿಯಲ್ಲಿ ನಮ್ಮದು ದಲಾಲಿ ಅಂಗಡಿ. ಚೀಲದ ಲೆಕ್ಕಕ್ಕೆ ಒಬ್ಬ ಹುಡುಗ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದಾನೆ, ಅಂಗಡಿ ಕಂಪ್ಯೂಟರಿನಲ್ಲೇ 6000 ಪೋರ್ಟ್‌ನಲ್ಲಿ ಓಡುತ್ತದೆ. ಕ್ರೋಮ್ 'ಅನ್‌ಸೇಫ್ ಪೋರ್ಟ್' ಅನ್ನುತ್ತದೆ, ಫೈರ್‌ಫಾಕ್ಸ್ ಕೂಡ ಒಲ್ಲೆ ಅನ್ನುತ್ತದೆ. ಆಂಟಿವೈರಸ್ ಬಂದ್ ಮಾಡಿದರೂ ಅಷ್ಟೇ. ಈ ತಡೆ ತೆಗೆಯೋದು ಹೇಗ್ರಿ?

ಧಾರವಾಡ: ಮೊದಲು ಆಂಟಿವೈರಸ್ ಚಾಲೂ ಮಾಡ್ರಿ ಸರ್, ಅದರದೇನೂ ತಪ್ಪಿಲ್ಲ. ಪೋರ್ಟ್ ಅಂದರೆ ಕಂಪ್ಯೂಟರಿನಲ್ಲಿ ಒಂದೊಂದು ಕೆಲಸಕ್ಕಿರುವ ನಂಬರಿನ ಬಾಗಿಲು. ಇದು ಬ್ರೌಸರಿನ ಒಳಗೇ ಇರುವ ತಡೆ ಪಟ್ಟಿ. 22, 25, 110, 6665ರಿಂದ 6669, ಹೀಗೆ ಬೇರೆ ಕೆಲಸಕ್ಕಿರುವ ಪೋರ್ಟ್‌ಗಳಿಗೆ ಅದು ಹೋಗುವುದೇ ಇಲ್ಲ. ನಿಮ್ಮ 6000 ಲಿನಕ್ಸ್ ಕಡೆ ಪರದೆಯ ಮೇಲೆ ಕಿಟಕಿ ತೋರಿಸುವ ಎಕ್ಸ್11ಗೆ ಸೇರಿದ್ದು. ಈ ತಡೆ ಯಾಕೆ ಅಂದರೆ, 2001ರಲ್ಲಿ ಒಂದು ಕಿತಾಪತಿ ಬಯಲಾಗಿತ್ತು: ಯಾವುದೋ ವೆಬ್‌ಪುಟದ ಫಾರ್ಮ್ ನಿಮ್ಮ ಬ್ರೌಸರ್ ಕೈಯಲ್ಲೇ ಆಫೀಸಿನ ಮೇಲ್ ಸರ್ವರ್‌ನ 25ನೇ ಪೋರ್ಟಿಗೆ ಡೇಟಾ ಕಳಿಸುತ್ತದೆ, ಸರ್ವರ್ ಮೊದಲ ಸಾಲುಗಳು ತಿಳಿಯದೆ ಎರರ್ ಕೊಡುತ್ತದೆ, ಆದರೆ ಹಿಂದೆಯೇ ಬರುವ ಮೇಲ್ ಕಮಾಂಡ್‌ಗಳನ್ನು ಸುಮ್ನೆ ಪಾಲಿಸಿಬಿಡುತ್ತದೆ. ತಡೆ ತೆಗೆಯಬೇಡ್ರಿ. ಹುಡುಗನಿಗೆ ಹೇಳಿ 8085ಕ್ಕೆ ಬದಲಿಸಿಕೊಳ್ಳಿ, ಒಂದು ಸಾಲಿನ ಕೆಲಸ.

ಬ್ಯಾಡಗಿ: ನಮಗೆ 10080ರಲ್ಲಿ ಹೀಗೇ ಆಗಿತ್ತು. ಚೆನ್ನಾಗಿ ಓಡುತ್ತಿದ್ದದ್ದು 2021ರಲ್ಲಿ ಕ್ರೋಮ್ ಅಪ್‌ಡೇಟ್ ಆದಮೇಲೆ ನಿಂತೇಹೋಯಿತು. ಅದರ ಹಿಂದಿನ ವರ್ಷ ಕಂಪ್ಯೂಟರ್ ಭದ್ರತಾ ಸಂಶೋಧಕ ಸ್ಯಾಮಿ ಕಾಮ್ಕರ್ 'ನ್ಯಾಟ್ ಸ್ಲಿಪ್‌ಸ್ಟ್ರೀಮಿಂಗ್' ತೋರಿಸಿದ್ದರು. ಪುಟ ತೆರೆದರೆ ಸಾಕು, ಇದು ಇಂಟರ್ನೆಟ್ ಫೋನ್ ಕರೆ ಅಂತ ರೂಟರನ್ನು ನಂಬಿಸಿ ಒಳಗಿನ ಕಂಪ್ಯೂಟರಿಗೆ ದಾರಿ ಮಾಡಿಸುವ ಉಪಾಯ. ಆಮೇಲೆ 5060, 5061 ಕೂಡ ಪಟ್ಟಿಗೆ ಬಂದವು. ಇವತ್ತು ಓಡುವ ಪೋರ್ಟ್ ನಾಳೆಯೂ ಓಡುತ್ತದೆ ಅನ್ನೋ ಗ್ಯಾರಂಟಿ ಇಲ್ಲ, ಬ್ಯಾಡಗಿ ಮೆಣಸಿನಕಾಯಿ ದರದ ಹಾಗೆ.

ಗದಗ, ಕಾಲೇಜ್ ಲ್ಯಾಬ್: ಎಲ್ಲ ಕಡೆ ಪೋರ್ಟ್ ಬದಲಿಸೋಕೆ ಆಗಲ್ಲ ಅಲ್ವಾ. ನಮ್ಮಲ್ಲಿರುವ ಹಳೇ ಮಷೀನಿನಲ್ಲಿ ಆ ಸೆಟ್ಟಿಂಗೇ ಇಲ್ಲ. ಫೈರ್‌ಫಾಕ್ಸ್‌ನ ಒಳ ಸೆಟ್ಟಿಂಗ್ ಪುಟ 'ಅಬೌಟ್:ಕಾನ್ಫಿಗ್' ತೆರೆದು 'ನೆಟ್‌ವರ್ಕ್.ಸೆಕ್ಯುರಿಟಿ.ಪೋರ್ಟ್ಸ್.ಬ್ಯಾನ್ಡ್.ಓವರ್‌ರೈಡ್' ಹೆಸರಿನಲ್ಲಿ ಸ್ಟ್ರಿಂಗ್ ಮಾಡಿ, ಆ ಒಂದೇ ನಂಬರ್ ಹಾಕಿದ್ದೇವೆ. ಅದಕ್ಕೇ ಬೇರೆ ಪ್ರೊಫೈಲ್, ಅದರಲ್ಲಿ ಇಂಟರ್ನೆಟ್ ನೋಡುವುದಿಲ್ಲ. 1-65535, ಅಂದರೆ ಎಲ್ಲ ಪೋರ್ಟ್ ಹಾಕಿ ಅನ್ನುವವರೂ ಸಿಗುತ್ತಾರೆ, ಅವರ ಮಾತು ಕೇಳಬೇಡ್ರಿ. ಕೊನೆಯ 'ಓವರ್‌ರೈಡ್' ಬಿಟ್ಟು ಅದೇ ಹೆಸರಿನಲ್ಲಿ ಸ್ಟ್ರಿಂಗ್ ಮಾಡಿದರೆ ಉಲ್ಟಾ, ನೀವು ಹಾಕಿದ ಪೋರ್ಟ್ ಬಂದ್ ಆಗುತ್ತದೆ.

ಅಮರಗೋಳ: 8085 ಮಾಡಿಸಿದೆ, ತೆರೆಯಿತು! ಗುಮಾಸ್ತರ ಕಂಪ್ಯೂಟರಿನಿಂದ ಮಾತ್ರ ಬರುತ್ತಿಲ್ಲ.

ಧಾರವಾಡ: ಅದು ಬ್ರೌಸರ್ ತಡೆ ಅಲ್ಲ, ಫೈರ್‌ವಾಲ್ ಇರಬೇಕು. ಸಾಫ್ಟ್‌ವೇರ್ ಇರುವ ಕಂಪ್ಯೂಟರಿನ ವಿಂಡೋಸ್ ಫೈರ್‌ವಾಲ್‌ನಲ್ಲಿ 8085ಕ್ಕೆ ಇನ್‌ಬೌಂಡ್ ರೂಲ್ (ಬೇರೆ ಕಂಪ್ಯೂಟರಿನಿಂದ ಒಳಗೆ ಬರಲು ಅನುಮತಿ) ಹಾಕ್ರಿ, 'ಪ್ರೈವೇಟ್' ಒಂದಕ್ಕೇ ಟಿಕ್ ಮಾಡಿ. ರೂಟರ್ ಮುಟ್ಟೋದು ಬೇಡ.