ಓಡುತ್ತಿರುವ ವಿಎಲ್‌ಸಿ ಜೊತೆ ಡಿ-ಬಸ್‌ನಲ್ಲಿ ಮಾತಾಡುವುದು: ಕೈಯಲ್ಲಿ ಟೈಪ್ ಮಾಡಿದರೆ ಆಗುತ್ತದೆ, ಕ್ರಾನ್‌ನಲ್ಲಿ ಆಗುವುದಿಲ್ಲ

ಮಣಿಪಾಲ_ಟರ್ಮಿನಲ್:

ಉಡುಪಿಯ ಒಂದು ಓದುವ ಕೋಣೆಯಲ್ಲಿ ಹಳೆಯ ಲ್ಯಾಪ್‌ಟಾಪ್ ಉಂಟು. ಡೆಬಿಯನ್ 12 ಲಿನಕ್ಸ್, ಎಚ್‌ಡಿಎಂಐ ಕೇಬಲ್‌ನಲ್ಲಿ ಟಿವಿಗೆ ಕೊಟ್ಟದ್ದು. ಇಡೀ ದಿನ ವಿಎಲ್‌ಸಿ ವಿಡಿಯೊ ಪ್ಲೇಯರ್‌ನಲ್ಲಿ ಯಕ್ಷಗಾನದ ರೆಕಾರ್ಡಿಂಗ್ ಓಡುತ್ತದೆ. ಯೂಸರ್ ಹೆಸರು ‘ಟಿವಿ’, ಐಡಿ 1000, ಬೂಟ್ ಆದ ಕೂಡಲೇ ತಾನಾಗಿ ಲಾಗಿನ್.

ವಿಎಲ್‌ಸಿ ಮುಚ್ಚದೆ ಮೂರು ಕೆಲಸ ಆಗಬೇಕು. ಯಾವ ಪ್ರಸಂಗ ಓಡುತ್ತಿದೆ ಎಂದು ದೂರದಿಂದ ತಿಳಿಯಬೇಕು. ಸಂಜೆ 7ಕ್ಕೆ ಚೆಂಡೆಯ ಶಬ್ದ ಅರ್ಧಕ್ಕಿಂತ ಕಡಿಮೆ ಆಗಬೇಕು. ಕರೆಂಟ್ ಹೋದಾಗ ಟಿವಿ ಆರುತ್ತದೆ, ಲ್ಯಾಪ್‌ಟಾಪ್ ಮಾತ್ರ ಬ್ಯಾಟರಿಯಲ್ಲಿ ಓಡುತ್ತಲೇ ಇರುತ್ತದೆ. ಕರೆಂಟ್ ಬರುವಷ್ಟರಲ್ಲಿ ಪ್ರಸಂಗ ಇಪ್ಪತ್ತು ನಿಮಿಷ ಮುಂದೆ ಹೋಗಿರುತ್ತದೆ. ಅದು ನಿಂತಲ್ಲೇ ನಿಲ್ಲಬೇಕು.

ಡೆಸ್ಕ್‌ಟಾಪ್‌ನ ಟರ್ಮಿನಲ್‌ನಲ್ಲಿ ಡಿಬಸ್-ಸೆಂಡ್ (ಪ್ರೋಗ್ರಾಮ್‌ಗಳು ಒಂದಕ್ಕೊಂದು ಮಾತಾಡುವ ಡಿ-ಬಸ್ ದಾರಿಯಲ್ಲಿ ಸಂದೇಶ ಕಳಿಸುವ ಕಮಾಂಡ್) ಸರಿ ಕೆಲಸ ಮಾಡುತ್ತದೆ. ಅದೇ ಸ್ಕ್ರಿಪ್ಟ್ ಹೇಳಿದ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್‌ನಲ್ಲಿ ಹಾಕಿದರೆ ‘ಅನೇಬಲ್ ಟು ಆಟೋಲಾಂಚ್’ ಎಂಬ ಎರರ್. ಡಿಬಸ್-ಲಾಂಚ್ ಸೇರಿಸಿದೆ, ಆ ಎರರ್ ಹೋಯಿತು, ‘ಸರ್ವಿಸ್‌ಅನ್‌ನೋನ್’ ಬಂತು. ಸುಡೋ ಹಾಕಿ ರೂಟ್ (ಮೆಷಿನ್‌ನ ಮೇಲಧಿಕಾರಿ) ಹೆಸರಲ್ಲಿ ಓಡಿಸಿದರೂ ಇಲ್ಲ.

ಬಂದರು_ಬೈನರಿ:

ಮೊದಲು ಆ ಡಿಬಸ್-ಲಾಂಚ್ ತೆಗೆಯಿರಿ ಮಾರಾಯ್ರೆ. ಅದು ಹೊಸದೊಂದು ಖಾಲಿ ಬಸ್ ಹೊರಡಿಸುತ್ತದೆ. ನಿಮ್ಮ ವಿಎಲ್‌ಸಿ ಕೂತಿರುವುದು ಬೇರೆ ಬಸ್ಸಿನಲ್ಲಿ. ಖಾಲಿ ಬಸ್ಸಿನಲ್ಲಿ ವಿಎಲ್‌ಸಿ ಉಂಟಾ ಎಂದು ಕೇಳಿದರೆ ‘ಅಂಥ ಹೆಸರೇ ಇಲ್ಲ’ ಎಂದೇ ಉತ್ತರ ಬರುವುದು.

ಒಂದು ಮೆಷಿನ್‌ನಲ್ಲಿ ಸಿಸ್ಟಮ್ ಬಸ್ ಒಂದೇ. ಸೆಷನ್ ಬಸ್ ಯೂಸರ್‌ಗೊಂದು. ವಿಎಲ್‌ಸಿ ಇರುವುದು ‘ಟಿವಿ’ ಯೂಸರ್‌ನ ಸೆಷನ್ ಬಸ್ಸಿನಲ್ಲಿ, ಅದರ ಸಾಕೆಟ್ /ರನ್/ಯೂಸರ್/1000/ಬಸ್. ಡೆಸ್ಕ್‌ಟಾಪ್‌ನ ಟರ್ಮಿನಲ್‌ಗೆ ಈ ವಿಳಾಸ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಸಿಕ್ಕಿರುತ್ತದೆ. ಕ್ರಾನ್‌ಗೆ ಸಿಕ್ಕಿರುವುದಿಲ್ಲ, ಅಷ್ಟೇ ವಿಷಯ. ಸುಡೋ ಯಾಕೆ ಆಗಲಿಲ್ಲ ಅಂದರೆ, ಸೆಷನ್ ಬಸ್ ತನ್ನ ಯಜಮಾನನನ್ನು ಬಿಟ್ಟು ಬೇರೆಯವರನ್ನು ಹತ್ತಿಸುವುದಿಲ್ಲ, ರೂಟ್ ಆದರೂ ಅಷ್ಟೇ.

ಇನ್ನು ಡಿಬಸ್-ಸೆಂಡ್ ಬಿಟ್ಟು ಬಸ್‌ಸಿಟಿಎಲ್‌ಗೆ ಬನ್ನಿ. ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ನಡೆಸುವ ಸಿಸ್ಟಮ್‌ಡಿ ಜೊತೆಗೇ ಬರುತ್ತದೆ, ಬೇರೆ ಏನೂ ಹಾಕಬೇಕಾಗಿಲ್ಲ. (ಕಮಾಂಡ್‌ಗಳನ್ನು ಉಚ್ಚಾರದಂತೆ ಬರೆಯುತ್ತಿದ್ದೇನೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರವೇ ಬೇಕು.) ‘ಟಿವಿ’ ಹೆಸರಲ್ಲೇ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್) ಮಾಡಿ:

ಬಸ್‌ಸಿಟಿಎಲ್ --ಯೂಸರ್ ಲಿಸ್ಟ್

ಪಟ್ಟಿಯಲ್ಲಿ ಆರ್ಗ್.ಎಂಪ್ರಿಸ್.ಮೀಡಿಯಾಪ್ಲೇಯರ್2.ವಿಎಲ್‌ಸಿ ಕಾಣಬೇಕು. (ಎಂಪ್ರಿಸ್ ಅಂದರೆ ಡಿ-ಬಸ್‌ನಲ್ಲಿ ಪ್ಲೇಯರ್‌ಗಳ ಜೊತೆ ಮಾತಾಡುವ ನಿಯಮಾವಳಿ.) ಎರಡನೇ ವಿಎಲ್‌ಸಿ ತೆರೆದಿದ್ದರೆ ಅದರ ಹೆಸರಿಗೆ ‘ಇನ್‌ಸ್ಟನ್ಸ್’ ಮತ್ತು ಪ್ರೋಸೆಸ್ ನಂಬರಿನ ಬಾಲ ಇರುತ್ತದೆ. ಸ್ಕ್ರಿಪ್ಟ್ ತಪ್ಪು ಕಿಟಕಿಯ ಜೊತೆ ಮಾತಾಡುವುದು ಹಾಗೆಯೇ. ಪಟ್ಟಿಯಲ್ಲಿ ಏನೂ ಇಲ್ಲದಿದ್ದರೆ ಡೆಸ್ಕ್‌ಟಾಪ್‌ನ ಟರ್ಮಿನಲ್‌ನಲ್ಲಿ ಬಸ್ ವಿಳಾಸದ ವೇರಿಯಬಲ್ ಎಕೋ ಮಾಡಿ ನೋಡಿ. /ಟಿಎಂಪಿ ಎಂದು ಬಂದರೆ ಡಿಬಸ್-ಯೂಸರ್-ಸೆಷನ್ ಪ್ಯಾಕೇಜ್ ಹಾಕಿ ಲಾಗೌಟ್ ಆಗಿ ಬನ್ನಿ.

7 ಗಂಟೆಯ ಕೆಲಸಕ್ಕೆ ಕ್ರಾನ್ ಯಾಕೆ? ಸಿಸ್ಟಮ್‌ಡಿಯ ಯೂಸರ್ ಟೈಮರ್ ಹಾಕಿದರೆ ವಿಳಾಸ ತಾನಾಗಿ ಸಿಗುತ್ತದೆ. ‘ಆನ್‌ಕ್ಯಾಲೆಂಡರ್=19:00’ ಒಂದೇ ಸಾಲು ಸಾಕು. ಕ್ರಾನ್‌ನಲ್ಲೇ ಬೇಕೆಂದರೆ ಕ್ರಾನ್‌ಟ್ಯಾಬ್‌ನ ತಲೆಗೆ ಎಕ್ಸ್‌ಡಿಜಿ_ರನ್‌ಟೈಮ್_ಡಿಐಆರ್=/ರನ್/ಯೂಸರ್/1000 ಎಂದು ಕೊಡಿ, ಬಸ್‌ಸಿಟಿಎಲ್ ಉಳಿದದ್ದು ತಾನೇ ಹುಡುಕಿಕೊಳ್ಳುತ್ತದೆ.

ಕಾಪು_ಲೈಟ್‌ಹೌಸ್:

ಮೇಲಿನದಕ್ಕೆ ಸೇರಿಸುವುದು: ಪ್ರೋಗ್ರಾಮ್‌ಗೆ ಏನು ಕೇಳಬಹುದು, ಏನು ಬದಲಿಸಬಹುದು ಎಂಬುದನ್ನು ಅದರ ಬಾಯಿಂದಲೇ ಕೇಳಿ. ನೆಟ್ಟಿನಲ್ಲಿ ಹುಡುಕುತ್ತಾ ಕೂರಬೇಡಿ, ಅಲ್ಲಿ ಇನ್ನೂ ಕೆಡಿಇ ಡೆಸ್ಕ್‌ಟಾಪ್‌ನ ಹಳೆಯ ಸಂದೇಶ ವ್ಯವಸ್ಥೆ ಡಿಕಾಪ್ ಕಾಲದ ಸಲಹೆಗಳು ಸಿಗುತ್ತವೆ. ಕೆಡಿಇ 4 ಬಂದ 2008ಕ್ಕೇ ಅದರ ಜಾಗದಲ್ಲಿ ಡಿ-ಬಸ್ ಬಂದಾಗಿದೆ.

ಬಸ್‌ಸಿಟಿಎಲ್ --ಯೂಸರ್ ಇಂಟ್ರೋಸ್ಪೆಕ್ಟ್ (ವಿಎಲ್‌ಸಿಯ ಹೆಸರು) /ಆರ್ಗ್/ಎಂಪ್ರಿಸ್/ಮೀಡಿಯಾಪ್ಲೇಯರ್2

ಉದ್ದದ ಕೋಷ್ಟಕ ಬರುತ್ತದೆ: ಹೆಸರು, ಮೆಥಡ್ಡೋ ಪ್ರಾಪರ್ಟಿಯೋ, ಸಿಗ್ನೇಚರ್, ಈಗಿನ ಬೆಲೆ, ಕೊನೆಗೆ ಫ್ಲ್ಯಾಗ್. ಫ್ಲ್ಯಾಗ್‌ನಲ್ಲಿ ‘ರೈಟಬಲ್’ ಇದ್ದರೆ ಮಾತ್ರ ಬದಲಿಸಬಹುದು. ವಾಲ್ಯೂಮ್ ಸಾಲಿನಲ್ಲಿ ಸಿಗ್ನೇಚರ್ ‘ಡಿ’ ಎಂದಿರುತ್ತದೆ, ಅಂದರೆ ಡಬಲ್, ದಶಾಂಶ ಸಂಖ್ಯೆ. 1.0 ಎಂದರೆ ನೂರು ಪರ್ಸೆಂಟ್. ಹಾಗಾಗಿ:

ಬಸ್‌ಸಿಟಿಎಲ್ --ಯೂಸರ್ ಸೆಟ್-ಪ್ರಾಪರ್ಟಿ (ಹೆಸರು) (ಪಾತ್) ಆರ್ಗ್.ಎಂಪ್ರಿಸ್.ಮೀಡಿಯಾಪ್ಲೇಯರ್2.ಪ್ಲೇಯರ್ ವಾಲ್ಯೂಮ್ ಡಿ 0.4

ಇಲ್ಲಿ ‘ಐ 40’ ಎಂದು ಕೊಟ್ಟರೆ ಪರ್ಸೆಂಟ್ ಎಂದು ಅರ್ಥ ಮಾಡಿಕೊಂಡು ಸುಧಾರಿಸುವುದಿಲ್ಲ. ಡಿ-ಬಸ್‌ನಲ್ಲಿ ಪೂರ್ಣಾಂಕಕ್ಕೂ ದಶಾಂಶಕ್ಕೂ ನೆಂಟಸ್ತಿಕೆ ಇಲ್ಲ.

ಸಮಯದ ಲೆಕ್ಕ ಮೈಕ್ರೋಸೆಕೆಂಡ್‌ನಲ್ಲಿ. ಹತ್ತು ಸೆಕೆಂಡ್ ಮುಂದೆ ಹೋಗಲು ಸೀಕ್‌ಗೆ ‘ಎಕ್ಸ್ 10000000’ ಕೊಡಬೇಕು. ಸೆಟ್‌ಪೊಸಿಷನ್ ಇನ್ನೂ ಸೂಕ್ಷ್ಮ: ಅದಕ್ಕೆ ಈಗ ಓಡುತ್ತಿರುವ ಟ್ರ್ಯಾಕ್‌ನ ಐಡಿಯೂ ಬೇಕು, ಐಡಿ ಹೊಂದದಿದ್ದರೆ ಎರರ್ ಕೂಡ ಕೊಡದೆ ಸುಮ್ಮನಿರುತ್ತದೆ. ಅದು ಬಗ್ ಅಲ್ಲ, ಎಂಪ್ರಿಸ್ ಬರೆದವರೇ ಹಾಗೆ ಇಟ್ಟದ್ದು. ಹಳೆಯ ಹಾಡಿಗೆ ಹೊರಟ ಆಜ್ಞೆ ಹೊಸ ಹಾಡಿಗೆ ತಗಲಬಾರದು ಎಂದು.

ಯಾವ ಪ್ರಸಂಗ ಎಂಬುದು ‘ಮೆಟಾಡಾಟಾ’ ಪ್ರಾಪರ್ಟಿಯಲ್ಲಿ ಇರುತ್ತದೆ. ಸುಮ್ಮನೆ ಕೇಳಿದರೆ ಒಂದೇ ಸಾಲಿನಲ್ಲಿ ಗೊಂಚಲಾಗಿ ಸುರಿಯುತ್ತದೆ. ಗೆಟ್-ಪ್ರಾಪರ್ಟಿಗೆ --ಜೇಸನ್=ಶಾರ್ಟ್ ಸೇರಿಸಿ ಜೇಸನ್ ಬಿಡಿಸುವ ಜೆಕ್ಯೂಗೆ ಪೈಪ್ ಮಾಡಿ, ‘ಜೀಸಮ್:ಟೈಟಲ್’ ಮಾತ್ರ ಹೆಕ್ಕಿ. ಫೈಲ್‌ನಲ್ಲಿ ಟೈಟಲ್ ಬರೆದಿರದಿದ್ದರೆ ‘ಜೀಸಮ್:ಯುಆರ್‌ಎಲ್’ ನೋಡಿ. ಆದರೆ ಫೈಲ್ ಹೆಸರು ಕನ್ನಡದಲ್ಲಿದ್ದರೆ ಹೆದರಬೇಡಿ, ಪರ್ಸೆಂಟ್ ಚಿಹ್ನೆಗಳ ಮಾಲೆ ಬರುತ್ತದೆ. ಒಂದು ಕೋಡ್‌ಪಾಯಿಂಟ್‌ಗೆ 3 ಬೈಟ್, ಬೈಟಿಗೆ 3 ಅಕ್ಷರ. ‘ಯಕ್ಷ’ದ ‘ಕ್ಷ’ ಒಂದರಲ್ಲೇ ಕ, ಹಲಂತ, ಷ ಎಂದು ಮೂರು ಕೋಡ್‌ಪಾಯಿಂಟ್, ಅಲ್ಲಿಗೆ 27 ಅಕ್ಷರ ಆಯಿತು. ಪೈಥಾನ್‌ನ ಯುಆರ್‌ಎಲ್‌ಲಿಬ್‌ನಲ್ಲಿರುವ ಅನ್‌ಕೋಟ್ ಹಾಕಿದರೆ ಕನ್ನಡಕ್ಕೆ ಮರಳುತ್ತದೆ.

ಮಣಿಪಾಲ_ಟರ್ಮಿನಲ್:

ಲಿಸ್ಟ್‌ನಲ್ಲಿ ಬಂತು, ವಾಲ್ಯೂಮ್ ಇಳಿಯಿತು, ಟೈಮರ್ ಹಾಕಿ ಆಯಿತು. ಕರೆಂಟ್‌ದು ಉಳಿದಿದೆ. ಬಸ್‌ಸಿಟಿಎಲ್ ಮಾನಿಟರ್‌ನಲ್ಲಿ ಸಿಸ್ಟಮ್ ಬಸ್ ಕೇಳಿಸಿಕೊಳ್ಳಲು ಹೋದರೆ ‘ಆಕ್ಸೆಸ್ ಡಿನೈಡ್’. ಇಡೀ ಸ್ಕ್ರಿಪ್ಟನ್ನು ರೂಟ್‌ನಲ್ಲಿ ಓಡಿಸಬೇಕಾ? ಹಾಗೆ ಮಾಡಿದರೆ ಪುನಃ ವಿಎಲ್‌ಸಿ ಕೈಗೆ ಸಿಗುವುದಿಲ್ಲ.

ಬಂದರು_ಬೈನರಿ:

ರೂಟ್ ಬೇಡ. ಬಸ್‌ಸಿಟಿಎಲ್ ಮಾನಿಟರ್ ಇತರರ ನಡುವಿನ ಮಾತನ್ನೂ ಕದ್ದು ಕೇಳುತ್ತದೆ, ಅದಕ್ಕೇ ಸಿಸ್ಟಮ್ ಬಸ್ಸಿನಲ್ಲಿ ತಡೆ. ನಿಮಗೆ ಬೇಕಾದದ್ದು ಎಲ್ಲರಿಗೂ ಕೂಗಿ ಹೇಳುವ ಸಿಗ್ನಲ್ ಮಾತ್ರ. ಅದಕ್ಕೆ ಜಿಡಿಬಸ್ ಸಾಕು, ಲಿಬ್‌ಗ್ಲಿಬ್2.0-ಬಿನ್ ಪ್ಯಾಕೇಜ್‌ನಲ್ಲಿ ಉಂಟು:

ಜಿಡಿಬಸ್ ಮಾನಿಟರ್ --ಸಿಸ್ಟಮ್ --ಡೆಸ್ಟ್ ಆರ್ಗ್.ಫ್ರೀಡೆಸ್ಕ್‌ಟಾಪ್.ಯುಪವರ್ --ಆಬ್ಜೆಕ್ಟ್-ಪಾತ್ /ಆರ್ಗ್/ಫ್ರೀಡೆಸ್ಕ್‌ಟಾಪ್/ಯುಪವರ್

ಯುಪವರ್ ಅಂದರೆ ಕರೆಂಟ್, ಬ್ಯಾಟರಿಯ ಸ್ಥಿತಿ ಹೇಳುವ ಸರ್ವಿಸ್. ಇದನ್ನು ಓಡಲು ಬಿಟ್ಟು ಚಾರ್ಜರ್ ಕಿತ್ತು ನೋಡಿ. ‘ಪ್ರಾಪರ್ಟೀಸ್‌ಚೇಂಜ್ಡ್’ ಸಾಲಿನಲ್ಲಿ ‘ಆನ್‌ಬ್ಯಾಟರಿ’: <ಟ್ರೂ> ಎಂದು ಬರುತ್ತದೆ. ಚುಚ್ಚಿದರೆ <ಫಾಲ್ಸ್>. ಈ ಸಾಲುಗಳನ್ನು ವೈಲ್-ರೀಡ್ ಲೂಪ್‌ಗೆ ಪೈಪ್ ಮಾಡಿ, ಟ್ರೂ ಬಂದರೆ ಪಾಸ್ (ತಡೆದು ನಿಲ್ಲಿಸುವ ಮೆಥಡ್), ಫಾಲ್ಸ್ ಬಂದರೆ ಪ್ಲೇ. ನಡುವೆ ಸಾಲು ಸೋಸುವ ಗ್ರೆಪ್ ಹಾಕುವುದಿದ್ದರೆ --ಲೈನ್-ಬಫರ್ಡ್ ಮರೆಯಬೇಡಿ. ಇಲ್ಲದಿದ್ದರೆ ಗ್ರೆಪ್ ಸಾಲುಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂರುತ್ತದೆ, ಕರೆಂಟ್ ಹೋಗಿ ಬಂದರೂ ನಿಮ್ಮ ಲೂಪ್‌ಗೆ ಸುದ್ದಿಯೇ ಇಲ್ಲ.

‘ಪ್ಲೇಪಾಸ್’ ಮೆಥಡ್ ಮಾತ್ರ ಮುಟ್ಟಬೇಡಿ. ಅದು ಅದಲುಬದಲು ಮಾಡುವ ಸ್ವಿಚ್. ಸಿಗ್ನಲ್ ಎರಡು ಸಲ ಬಂದರೆ ಕತ್ತಲಲ್ಲಿ ಪ್ರಸಂಗ ಓಡುತ್ತದೆ, ಬೆಳಕಿನಲ್ಲಿ ನಿಲ್ಲುತ್ತದೆ.

ಕಾಪು_ಲೈಟ್‌ಹೌಸ್:

ಎರಡು ಸಂಗತಿ ಬಾಕಿ ಉಂಟು.

ಸಿಗ್ನಲ್ ಹೇಳುವುದು ಬದಲಾವಣೆಯನ್ನು ಮಾತ್ರ. ಸ್ಕ್ರಿಪ್ಟ್ ಶುರುವಾಗುವಾಗಲೇ ಕರೆಂಟ್ ಇಲ್ಲದಿದ್ದರೆ ಯಾವ ಸಿಗ್ನಲ್ಲೂ ಬರುವುದಿಲ್ಲ. ಆದ್ದರಿಂದ ಮೊದಲು ಜಿಡಿಬಸ್ ಮಾನಿಟರ್ ಕೂರಿಸಿ, ಆಮೇಲೆ ಗೆಟ್-ಪ್ರಾಪರ್ಟಿಯಲ್ಲಿ ಆನ್‌ಬ್ಯಾಟರಿ ಒಮ್ಮೆ ಕೇಳಿ. ಉಲ್ಟಾ ಮಾಡಿದರೆ ನಡುವಿನ ಕ್ಷಣದಲ್ಲಿ ಆದದ್ದು ತಪ್ಪಿಹೋಗಬಹುದು.

ಇನ್ನೊಂದು ನಮ್ಮ ಊರಿನ ಮಳೆಗಾಲದ್ದು. ಜೂನ್, ಜುಲೈಯಲ್ಲಿ ಗಾಳಿ ಎದ್ದರೆ ಕರೆಂಟ್ ಎರಡು ನಿಮಿಷದಲ್ಲಿ ನಾಲ್ಕು ಸಲ ಹೋಗಿ ಬರುತ್ತದೆ. ಫಾಲ್ಸ್ ಬಂದ ಕೂಡಲೇ ಪ್ಲೇ ಕೊಟ್ಟರೆ ಟಿವಿ ಇನ್ನೂ ಎದ್ದಿರುವುದಿಲ್ಲ, ಅಷ್ಟರಲ್ಲಿ ಪುನಃ ಹೋಗಿರುತ್ತದೆ. 30 ಸೆಕೆಂಡ್ ಸ್ಲೀಪ್ ಕೊಟ್ಟು, ಆನ್‌ಬ್ಯಾಟರಿಯನ್ನು ಮತ್ತೊಮ್ಮೆ ಕೇಳಿ, ಆಗಲೂ ಫಾಲ್ಸ್ ಇದ್ದರೆ ಮಾತ್ರ ಪ್ಲೇ. ಪಾಸ್‌ಗೆ ಮಾತ್ರ ಕಾಯಬೇಡಿ.

ಇದನ್ನು ‘ಟಿವಿ’ ಯೂಸರ್‌ನ ಸರ್ವಿಸ್ ಆಗಿ ಹಾಕಿ, ‘ರೀಸ್ಟಾರ್ಟ್=ಆಲ್ವೇಸ್’ ಕೊಡಿ. ಡೆಸ್ಕ್‌ಟಾಪ್‌ನ ಪವರ್ ಸೆಟ್ಟಿಂಗ್‌ನಲ್ಲಿ ‘ಬ್ಯಾಟರಿಯಲ್ಲಿದ್ದಾಗ ಸಸ್ಪೆಂಡ್’ ಆಫ್ ಇದೆಯಾ ನೋಡಿ. ವಿಡಿಯೊ ಓಡುವಾಗ ಮೆಷಿನ್ ಮಲಗದಂತೆ ವಿಎಲ್‌ಸಿಯೇ ಹಿಡಿದಿರುತ್ತದೆ, ಪಾಸ್ ಆದ ಕೂಡಲೇ ಆ ಹಿಡಿತ ಬಿಡುತ್ತದೆ. ಆಗ ಲ್ಯಾಪ್‌ಟಾಪ್ ಮಲಗಿದರೆ ಎಸ್‌ಎಸ್‌ಎಚ್ ಕೂಡ ಸಿಗುವುದಿಲ್ಲ, ಕೋಣೆಗೇ ಹೋಗಿ ಎಬ್ಬಿಸಬೇಕು.

ಮಣಿಪಾಲ_ಟರ್ಮಿನಲ್:

ಸಸ್ಪೆಂಡ್ 15 ನಿಮಿಷಕ್ಕೆ ಇತ್ತು, ಆಫ್ ಮಾಡಿದೆ. ಚಾರ್ಜರ್ ಕಿತ್ತು, ಚುಚ್ಚಿ, ಪುನಃ ಹತ್ತು ಸೆಕೆಂಡ್‌ನಲ್ಲಿ ಕಿತ್ತು ನೋಡಿದೆ. ಭಾಗವತರ ಪದ ಎಲ್ಲಿ ನಿಂತಿತ್ತೋ ಅಲ್ಲೇ ಉಂಟು.